ಬ್ಯಾಸಿಗಿದು ಒಂದು ತುಂಬಿ ಕೊಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬೇಸಿಗೆಯಲ್ಲಿ ಕೇಳುವ ಸಂಗೀತದ ಬಗ್ಗೆ ಒಂದು ಲೇಖನ ಬಂದಿತ್ತು. ಬರೆದವರು ತಿಳಿದವರು, ಬರವಣಿಗೆಯೂ ಚೊಕ್ಕ. ಆದರೆ ನಡುವೆ ಒಂದು ಕಡೆ, ಹತ್ತು ಸಿನಿಮಾದಿಂದ ಹತ್ತು ಹಾಡು ಹೆಕ್ಕಿ ಮಾಡಿದ ‘ಹಿಟ್ಸ್’ ಕಲೆಕ್ಷನ್ನುಗಳು ಸೋಮಾರಿ ಕಿವಿಗಳಿಗಾಗಿ ಇರುವಂಥವು ಎಂಬ ಅರ್ಥದ ಮಾತಿದೆ. ಅದನ್ನು ಓದಿ ಪೇಪರು ಮಡಚಿಟ್ಟೆ. ನನ್ನ ಕಬ್ಬಿನ ಹಾಲಿನ ಅಂಗಡಿಗೆ ಬಂದವರಿಗೆ ನಾಲ್ಕು ಗ್ಲಾಸು ತೆಗೆದುಕೊಟ್ಟೆ. ಮತ್ತೆ ಬಿಚ್ಚಿ ಓದಿದೆ. ಸಮಾಧಾನ ಆಗಲಿಲ್ಲ, ಅದಕ್ಕೇ ಈ ಪತ್ರ. ಉದ್ದವಾಗುತ್ತದೆ ಎಂದು ಈಗಲೇ ಗೊತ್ತಾಗುತ್ತಿದೆ, ಕ್ಷಮೆ ಇರಲಿ.

ಸೋಮಾರಿ ಎಂಬುದನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡಕ್ಕೆ, 42 ಡಿಗ್ರಿ ಬಿಸಿಲಿನಲ್ಲಿ, ವಿಜಯಪುರದ ರಸ್ತೆಯ ಮೇಲೆ ಚುರುಕಾಗಿ ಓಡಾಡುವವನು ಒಂದೋ ಪರಊರಿನವನು, ಇಲ್ಲಾ ಎಮ್ಮೆ ಕಳಕೊಂಡವನು. ಕೇಳುವವರು ಸೋಮಾರಿಗಳೇ ಸರಿ. ಮಾಡಿದವನು ಮಾತ್ರ ಸೋಮಾರಿಯಾಗಿರಲಿಲ್ಲ. ಇಷ್ಟು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಮಾಡಿದವನು ನಾನು.

1988ರಿಂದ ಹದಿನೆಂಟು ವರ್ಷ ಗಾಂಧಿ ಚೌಕದ ಹತ್ತಿರದ ಓಣಿಯೊಂದರಲ್ಲಿ ನನ್ನದು ಕ್ಯಾಸೆಟ್ ಅಂಗಡಿ. ಆರು ಅಡಿ ಅಗಲ, ಎಂಟು ಅಡಿ ಉದ್ದ, ಮೇಲೆ ತಗಡು. ಮೂರು ಗೋಡೆಗೆ ಕಂಪನಿ ಕ್ಯಾಸೆಟ್ಟು, ಹಿಂದೆ ಹೂವಿನ ಪರದೆ, ಪರದೆಯ ಹಿಂದೆ ಎರಡು ಡೆಕ್ಕು. ಪರದೆಯ ಮುಂದಿನದು ವ್ಯಾಪಾರ. ಹಿಂದಿನದು, ಈಗ ಮುಚ್ಚಿಡುವುದೇನಿದೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅಪರಾಧ. ಗಿರಾಕಿ ಹಾಡಿನ ಹೆಸರು ಬರೆದ ಚೀಟಿ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದೆ. ‘ತುಂಬೋದು’ ಎಂಬುದೇ ನಮ್ಮ ಕಡೆಯ ಮಾತು. ರೆಕಾರ್ಡಿಂಗ್ ಎಂದು ಯಾರೂ ಅನ್ನುತ್ತಿರಲಿಲ್ಲ. ಉಪ್ಪಿನಕಾಯಿ ಭರಣಿ ತುಂಬಿದ ಹಾಗೆ, ಹಗೇವಿಗೆ ಜೋಳ ತುಂಬಿದ ಹಾಗೆ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೆ ಚೀಟಿ ತರುವವರು ಕಡಿಮೆಯಾಗುತ್ತಿದ್ದರು. ಕಟ್ಟೆಯ ಮೇಲೆ ಕೈ ಊರಿ, “ಅಣ್ಣಾರ, ಬ್ಯಾಸಿಗಿದು ಒಂದು ತುಂಬಿ ಕೊಡ್ರಿ” ಅಂದರೆ ಮುಗಿಯಿತು. ಏನು ಹಾಕಲಿ ಅಂದರೆ, “ನಿಮಗ ಗೊತ್ತದಲ್ರಿ.”

ಬೇಸಿಗೆಯದು ಅಂದರೆ ಇಂಥದ್ದೇ ಎಂದು ಯಾರೂ ಬರೆದಿಟ್ಟಿರಲಿಲ್ಲ. ಅಳುವ ಹಾಡು ಬೇಡ. ಗದ್ದಲವೂ ಬೇಡ. ಗೊತ್ತಿರುವುದೇ ಬೇಕು. ಕುದಿಯುವ ಸೆಕೆಯಲ್ಲಿ ತಲೆ ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಜ್ಜಿಗೆಯ ರುಚಿ ಹೇಗಿರುತ್ತದೋ ನೋಡೋಣ ಎಂದು ಯಾರಾದರೂ ಮಜ್ಜಿಗೆ ಕುಡಿಯುತ್ತಾರೆಯೇ? ಹಾಗೆ. ಮತ್ತೊಂದು ವಿಚಿತ್ರ, ಮಳೆ ಹಾಡು. ಬಾವಿಯ ತಳ ಕಂಡು, ಓಣಿಗೆ ಟ್ಯಾಂಕರ್ ಬರುವ ದಿನಗಳಲ್ಲೇ ಮಳೆ ಹಾಡಿಗೆ ಎಲ್ಲಿಲ್ಲದ ಬೇಡಿಕೆ. ನಾಯಕಿ ತೋಯ್ದು ತೊಪ್ಪೆಯಾಗಿ ಹಾಡುವುದನ್ನು ನಾವು ಬೆವರು ಒರೆಸಿಕೊಳ್ಳುತ್ತ ಕೇಳುವುದು. ಸೈಡಿಗೊಂದು ಮಳೆ ಹಾಡು ಎಂಬುದು ನನ್ನ ಅಂಗಡಿಯ ಕಾನೂನಾಗಿತ್ತು. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿ ನಾಲ್ಕು ಹನಿ ಬಿತ್ತೋ, ಅವನ್ನು ಕೇಳುವವರೇ ಇಲ್ಲ.

ಲೇಖಕರು ಒಂದು ಲೆಕ್ಕ ಮರೆತಿದ್ದಾರೆ. ಆಗ ಒಂದು ಸಿನಿಮಾದಲ್ಲಿ ಐದೋ ಆರೋ ಹಾಡು. ಜನರ ಬಾಯಿಗೆ ಹತ್ತುವುದು ಒಂದು, ಬಹಳವಾದರೆ ಎರಡು. ಹಂಸಲೇಖರ ‘ಪ್ರೇಮಲೋಕ’ 1987ರಲ್ಲಿ ಬಂದಾಗ ಕ್ಯಾಸೆಟ್ಟಿನ ಈ ತುದಿಯಿಂದ ಆ ತುದಿಯವರೆಗೆ ಜನ ಹಾಡಿದರು, ಆದರೆ ಅಂಥದ್ದು ಎಷ್ಟು ಬರುತ್ತವೆ? ಉಳಿದವುಗಳಲ್ಲಿ ಒಂದು ಹಾಡಿನ ಸಲುವಾಗಿ ಆರಕ್ಕೆ ದುಡ್ಡು ಕೊಡಬೇಕು. ಟೆಂಪೋ ಹೊಡೆಯುವವನು ಹನ್ನೆರಡು ಹಾಡಿಗೆ ಹನ್ನೆರಡು ಕ್ಯಾಸೆಟ್ಟು ಎಲ್ಲಿಂದ ಕೊಂಡಾನು? ಕಂಪನಿಗಳೂ ಹಿಟ್ಸ್ ತರುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಲಹರಿಯವರದರಲ್ಲಿ ಲಹರಿಯ ಹಾಡು, ಎಚ್‌ಎಂವಿಯದರಲ್ಲಿ ಎಚ್‌ಎಂವಿಯದು, ಟಿ-ಸೀರೀಸ್‌ನದರಲ್ಲಿ ಟಿ-ಸೀರೀಸ್‌ನದು. ಹಕ್ಕು ಯಾರ ಕೈಯಲ್ಲೋ ಹಾಡು ಅವರ ಡಬ್ಬಿಯಲ್ಲಿ. ಕೇಳುವವನಿಗೆ ಈ ಬೇಲಿ ಎಲ್ಲಿ ಗೊತ್ತು? ಅವನಿಗೆ ರಾಜನ್-ನಾಗೇಂದ್ರ ಒಂದು ಬೇಕು, ಹಂಸಲೇಖ ಒಂದು ಬೇಕು, ಗುರುರಾಜ ಹೊಸಕೋಟೆಯವರ ಜಾನಪದ ಒಂದು ಬೇಕು. ಸೊಲ್ಲಾಪುರದಿಂದ ಬಂದ ಸೊಸೆ ಇದ್ದರೆ ಒಂದು ಮರಾಠಿ ಬೇಕು. ಕುಮಾರ್ ಸಾನು ಅಂತೂ ಬೇಕೇ ಬೇಕು. 1991ರಿಂದ 1995ರವರೆಗೆ ಐದು ವರ್ಷ ಸತತ ಫಿಲ್ಮ್‌ಫೇರ್ ಗೆದ್ದ ಧ್ವನಿ ಅದು. ಆ ಐದು ಬೇಸಿಗೆ ನನ್ನ ಡೆಕ್ಕಿನ ಹೆಡ್ಡು ಸವೆಸಿದ್ದೂ ಅದೇ.

ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿ ಇದ್ದಾನೆ. ಹೋದ ವರ್ಷ ಊರಿಗೆ ಬಂದಾಗ ಈ ಹಳೆಯ ಕತೆ ತೆಗೆದೆ. ಅವನು ನಕ್ಕು, “ಮಾಮಾ, ನೀವು ಮಾಡಿದ್ದನ್ನ ಅಲ್ಲಿ ದೊಡ್ಡ ಕಂಪನಿಗಳು ಮಾಡ್ಯಾವ” ಅಂದ. 1983ರ ನವೆಂಬರ್ 28ರಂದು ವರ್ಜಿನ್ ಮತ್ತು ಇಎಂಐ ಎಂಬ ಎರಡು ಎದುರಾಳಿ ಕಂಪನಿಗಳು ಕೂಡಿ ತಮ್ಮ ತಮ್ಮ ಹಿಟ್ ಹಾಡುಗಳನ್ನು ಒಂದೇ ಕಡೆ ಹಾಕಿದವಂತೆ. ಎರಡು ಎಲ್‌ಪಿ, 30 ಹಾಡು. ಹೆಸರು ‘ನೌ ದಟ್ಸ್ ವಾಟ್ ಐ ಕಾಲ್ ಮ್ಯೂಸಿಕ್’. ಆ ಹೆಸರು ಬಂದದ್ದು ಹಂದಿ ಮಾಂಸದ ಒಂದು ಹಳೆಯ ಜಾಹೀರಾತಿನಿಂದ. ಹಾಡುವ ಕೋಳಿಯನ್ನು ನೋಡಿ ಹಂದಿ ಆಡುವ ಮಾತು ಅದು. ಅಂದರೆ ಅವರೂ ತಮ್ಮ ಬಗ್ಗೆ ದೊಡ್ಡ ಮಾತೇನೂ ಆಡಿಕೊಂಡಿರಲಿಲ್ಲ. ಆ ಸರಣಿ ವರ್ಷಕ್ಕೆ ಮೂರು ಸಲ ಬರುತ್ತದೆ, ಒಂದು ಸರಿಯಾಗಿ ಅವರ ಬೇಸಿಗೆಗೆ. ನೂರನೆಯದು ಬಂದದ್ದೂ 2018ರ ಜುಲೈಯಲ್ಲಿ. ಇಂಥವುಗಳ ಕಾಟ ತಾಳದೆ 1989ರಲ್ಲಿ ಬ್ರಿಟನ್ನಿನ ಆಲ್ಬಮ್ ಪಟ್ಟಿಯಿಂದ ಕಲೆಕ್ಷನ್ನುಗಳನ್ನು ತೆಗೆದು ಬೇರೆ ಪಟ್ಟಿ ಮಾಡಬೇಕಾಯಿತು. ಇಲ್ಲದಿದ್ದರೆ ಮೊದಲ ಸ್ಥಾನದಲ್ಲಿ ಇವೇ ಕೂತುಬಿಡುತ್ತಿದ್ದವು. ಸೋಮಾರಿ ಕಿವಿಗಳು ಅಲ್ಲಿಯೂ ಕಡಿಮೆ ಇಲ್ಲ.

ಅವರ ಜುಲೈ ಬಿಸಿಲನ್ನು ಕಂಡು ಬಂದ ಹುಡುಗನೇ ಹೇಳಿದ್ದು, 30 ಡಿಗ್ರಿ ಆದರೆ ಅಲ್ಲಿ ಪೇಪರಿನಲ್ಲಿ ಸುದ್ದಿಯಂತೆ. ನಮ್ಮಲ್ಲಿ ಅದು ದೀಪಾವಳಿ ಹವೆ. ಇರಲಿ. ಅಲ್ಲಿ ಕರಾರು ಬರೆದುಕೊಂಡು ಮಾಡಿದ ಕೆಲಸವನ್ನು ನಾನು ಹೂವಿನ ಪರದೆಯ ಹಿಂದೆ ಕರಾರಿಲ್ಲದೆ ಮಾಡಿದೆ. ಹಾಡಿದವರಿಗೆ, ಬರೆದವರಿಗೆ, ಪಿಟೀಲು ಬಾರಿಸಿದವರಿಗೆ ಕ್ಯಾಸೆಟ್ಟು ತುಂಬಲು ನಾನು ತೆಗೆದುಕೊಂಡ ಇಪ್ಪತ್ತೈದು ರೂಪಾಯಿಯಲ್ಲಿ ಒಂದು ಪೈಸೆಯೂ ಹೋಗಲಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ತೀರಿಕೊಂಡ ದಿನ, 2020ರ ಸೆಪ್ಟೆಂಬರಿನಲ್ಲಿ, ಇದು ಬಹಳ ಚುಚ್ಚಿತು. ಎಷ್ಟು ಸಾವಿರ ಸಲ ತುಂಬಿದ್ದೆನೋ ಅವರನ್ನು.

ಈಗ ತುಂಬುವ ಕೆಲಸ ಹೇಳುತ್ತೇನೆ, ಲೇಖಕರು ಕೇಳಿಸಿಕೊಳ್ಳಲಿ. ಸಿ-60 ಕ್ಯಾಸೆಟ್ಟು ಅಂದರೆ ಸೈಡಿಗೆ 30 ನಿಮಿಷ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅರ್ಧ ತಾಸಿಗೆ ಸುಮಾರು 86 ಮೀಟರ್. ಗೋಳಗುಮ್ಮಟದ ನೆತ್ತಿಯಿಂದ ಇಳಿಬಿಟ್ಟರೆ ನೆಲದ ಮೇಲೆ ಇನ್ನೂ 30 ಮೀಟರಿಗೂ ಹೆಚ್ಚು ಸುರುಳಿ ಬಿದ್ದಿರುತ್ತದೆ. ಹಾಡಿಗೆ ಐದು ನಿಮಿಷ ಹಿಡಿದರೆ ಸೈಡಿಗೆ ಆರು, ಒಟ್ಟು 12. ಸಿ-90 ಹಾಕಿದರೆ ಹದಿನೆಂಟು ಹಿಡಿಸುತ್ತಿತ್ತು. ಆದರೆ ಅದರ ಟೇಪು ತೆಳು, ಬಿಸಿಲಿಗೆ ಹಿಗ್ಗಿ ರೋಲರಿಗೆ ಸುತ್ತಿಕೊಳ್ಳುತ್ತದೆ. ಜೀಪಿನವರಿಗೆ ಬೇಸಿಗೆಯಲ್ಲಿ ನಾನು ಸಿ-90 ಕೊಡುತ್ತಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲಿಟ್ಟು ಮರೆತ ಕ್ಯಾಸೆಟ್ಟು ಹಪ್ಪಳದ ಹಾಗೆ ಡೊಂಕಾಗಿ ಬರುತ್ತಿತ್ತು. ಐದು ಸ್ಕ್ರೂ ಬಿಚ್ಚಿ, ಟೇಪಿನ ಸುರುಳಿಯನ್ನು ಹಸುಗೂಸಿನ ಹಾಗೆ ಎತ್ತಿ ಬೇರೆ ಡಬ್ಬಿಗೆ ಮಲಗಿಸಬೇಕು. ಇನ್ನು ಒಳಗೆ ಒಂದು ಚಿಕ್ಕ ಉಣ್ಣೆಯ ಗಾದಿ ಇರುತ್ತದೆ, ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯಲು. ಸೆಕೆಗೆ ಅದರ ಅಂಟು ಬಿಟ್ಟರೆ ಜಾನಕಿಯಮ್ಮ ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತದೆ. “ಕ್ಯಾಸೆಟ್ಟಿಗಿ ನೆಗಡಿ ಆಗ್ಯದ” ಎಂದು ತರುತ್ತಿದ್ದರು.

ಇವೆಲ್ಲ ಕೈಕೆಲಸ. ತಲೆಕೆಲಸ ಇರುವುದು ಸರದಿಯಲ್ಲಿ. ಹಾಡು ಹೆಕ್ಕುವುದು ಸುಲಭ, ಯಾವುದರ ಹಿಂದೆ ಯಾವುದು ಎಂಬುದು ಕಷ್ಟ. ಎಲ್ಲಕ್ಕಿಂತ ಒಳ್ಳೆಯ ಹಾಡನ್ನು ಮೊದಲು ಹಾಕಬಾರದು. ಮೊದಲನೆಯದು ನಡೆಯುತ್ತಿರುವಾಗ ಜನ ಇನ್ನೂ ಹಾಸಿಗೆ ಕೊಡವುತ್ತಿರುತ್ತಾರೆ, ನೀರಿನ ತಂಬಿಗೆ ಹುಡುಕುತ್ತಿರುತ್ತಾರೆ. ಎರಡನೆಯದು ಹೆಣ್ಣು ಧ್ವನಿ. ಮೂರನೆಯದು ಆ ವರ್ಷ ಊರೆಲ್ಲ ಹಾಡುವ ಹಾಡು. ಐದನೆಯದು ಹಳೆಯದು, ಪಿ.ಬಿ. ಶ್ರೀನಿವಾಸ್ ಕಾಲದ್ದು, ಮನೆಯ ಹಿರಿಯರಿಗೆ. ನಾಲ್ಕನೆಯದನ್ನು ಬಿಟ್ಟೆ, ನೋಡಿ. ಅದು ನನ್ನದು. ಗಿರಾಕಿ ಕೇಳದ, ಊರಿಗೆ ಗೊತ್ತಿಲ್ಲದ, ಯಾವುದೋ ಬಿದ್ದುಹೋದ ಸಿನಿಮಾದ ಒಳ್ಳೆಯ ಹಾಡು. ಮೂರರ ಗುಂಗಿನಲ್ಲಿ ಇದ್ದವರು, ಐದರ ಹಾದಿ ಕಾಯುವವರು ಅದನ್ನು ಸುಮ್ಮನೆ ಸಹಿಸಿಕೊಳ್ಳುತ್ತಾರೆ. ಹದಿನೈದು ದಿನ ಬಿಟ್ಟು ಬಂದು, “ಆ ನಾಕನೇದು ಯಾರು ಹಾಡ್ಯಾರ್ರಿ?” ಎನ್ನುತ್ತಿದ್ದರು. ಅಂಗಡಿಯ ಬಾಡಿಗೆ ಕಟ್ಟಲಾಗದ ತಿಂಗಳಲ್ಲೂ ಆ ಪ್ರಶ್ನೆಗೆ ನನ್ನ ಹೊಟ್ಟೆ ತುಂಬುತ್ತಿತ್ತು.

ಒಮ್ಮೆ ಎಡವಿದ್ದೂ ಉಂಟು. ತಿಕೋಟಾ ಕಡೆಯ ಲಗ್ನದ ಜೀಪಿಗೆ ಗಡಿಬಿಡಿಯಲ್ಲಿ ತುಂಬಿದೆ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡನ್ನು ಬಿ ಸೈಡಿನ ಕೊನೆಗೆ ಹಾಕುವ ಬದಲು ಎ ಸೈಡಿನ ಮೊದಲಿಗೆ ಹಾಕಿದ್ದೆ. ಲಗ್ನಕ್ಕೆ ಹೊರಟ ಜೀಪು ಊರು ದಾಟುವ ಮೊದಲೇ ಹುಡುಗಿಯ ತಾಯಿ ಅಳಲು ಹತ್ತಿದಳಂತೆ, ಕಲ್ಯಾಣ ಮಂಟಪ ಬರುವವರೆಗೂ ನಿಲ್ಲಿಸಲಿಲ್ಲವಂತೆ. ಮರುದಿನ ಹುಡುಗಿಯ ಕಾಕಾ ಬಂದು ಅಂದ ಮಾತನ್ನು ನಿಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು.

ಬೇಸಿಗೆ ರಾತ್ರಿಯ ಮಾಳಿಗೆಯನ್ನು ಲೇಖಕರು ಕಂಡಿದ್ದರೆ ಸೋಮಾರಿ ಎಂಬ ಶಬ್ದ ಬರೆಯುತ್ತಿರಲಿಲ್ಲ ಅನಿಸುತ್ತದೆ. ನಮ್ಮದು ಆಗ ಮಣ್ಣಿನ ಮಾಳಿಗೆಯ ಮನೆ. ಓಣಿಯ ಆರು ಮನೆಗಳ ಮಾಳಿಗೆ ಒಂದಕ್ಕೊಂದು ಹತ್ತಿಕೊಂಡಿದ್ದವು, ನಡುವೆ ಮೊಣಕಾಲೆತ್ತರದ ಗೋಡೆ. ಹಗಲಿಡೀ ಕಾದ ಮನೆಯೊಳಗೆ ಮಲಗುವುದು ಆಗದ ಮಾತು. ಊಟ ಮುಗಿಸಿ ಎಂಟೂವರೆಗೆ ಚಾಪೆ, ಚಾದರ, ನೀರಿನ ಕೊಡ, ಎಲ್ಲದರ ಹಿಂದೆ ನನ್ನ ಟೇಪ್ ರೆಕಾರ್ಡರ್ ಮೇಲೆ ಬರುತ್ತಿತ್ತು. ಆರೂ ಮನೆಗೆ ಅದೊಂದೇ. ಅವ್ವ ಐದನೆಯ ಹಾಡಿಗಾಗಿ ಕಾಯುತ್ತಿದ್ದಳು. ಪಕ್ಕದ ಮನೆಯ ಕಾಲೇಜು ಹುಡುಗಿ ಮೂರನೆಯದಕ್ಕೆ. ಆಚೆಯ ಮಾಳಿಗೆಯ ಮಾಸ್ತರರು ಬಿ ಸೈಡಿನ ಹಿಂದಿ ಹಾಡಿಗೆ. ಅವರು ಚಿಕ್ಕಂದಿನಲ್ಲಿ ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್ ಹಚ್ಚಿ ಹಿಂದಿ ಹಾಡುಗಳಿಗೆ ನಂಬರು ಕೊಟ್ಟು ಬಾರಿಸುತ್ತಿದ್ದ ಅಮೀನ್ ಸಯಾನಿಯವರ ಗೀತಮಾಲಾ ಕೇಳಿದವರು, ಈಗಲೂ ಹಾಡು ಶುರುವಾಗುವ ಮೊದಲು ಅದರ ನಂಬರು ಹೇಳಿಬಿಡುತ್ತಿದ್ದರು. ಅವರ ಹೆಂಡತಿಗೆ ಸಿನಿಮಾ ಹಾಡೇ ಸೇರುತ್ತಿರಲಿಲ್ಲ. ಆದರೂ ಕೇಳುತ್ತಿದ್ದರು, ಎದ್ದು ಹೋಗುವುದಕ್ಕೆ ಕೆಳಗೆ ಕುಲುಮೆಯಂಥ ಮನೆ.

ಇವರಲ್ಲಿ ಒಬ್ಬರಿಗೂ ಹನ್ನೆರಡೂ ಹಾಡು ಸೇರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಎರಡೋ ಮೂರೋ. ಉಳಿದದ್ದನ್ನು ಬೇರೆಯವರ ಸಲುವಾಗಿ ಕೇಳುವುದು. ಮುಂದಿನದಕ್ಕೆ ಓಡಿಸೋಣ ಅಂದರೆ ಫಾರ್ವರ್ಡ್ ಗುಂಡಿ ಸೆಲ್ಲು ತಿನ್ನುತ್ತದೆ, ಬೇಸಿಗೆ ಅಂದಮೇಲೆ ಕರೆಂಟು ಹೋಗಿಯೇ ಇರುತ್ತದೆ, ದೊಡ್ಡ ಸೆಲ್ಲು ಆರು ಹಾಕಬೇಕು. ಹಾಗಾಗಿ ಎಲ್ಲರೂ ಸರದಿಗೆ ಕಾದರು. ನಿಮ್ಮದು ಐದು ನಿಮಿಷಕ್ಕೆ ಬರುತ್ತದೆ, ಇಲ್ಲಾ ಹತ್ತು ನಿಮಿಷಕ್ಕೆ. ಬಂದೇ ಬರುತ್ತದೆ. ಒಬ್ಬನೇ ಗಾಯಕನ, ಒಂದೇ ಸಿನಿಮಾದ ಕ್ಯಾಸೆಟ್ಟು ಹಾಕಿದ ರಾತ್ರಿ ಆರು ಮಾಳಿಗೆಯಲ್ಲಿ ನಾಲ್ಕು ಮಾಳಿಗೆ ಗೊಣಗಿದ್ದನ್ನು ನಾನು ಬಲ್ಲೆ. ಲೇಖಕರು ಹೊಗಳಿದ ‘ಪೂರ್ತಿ ಆಲ್ಬಮ್’ ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುವುದಕ್ಕೆ ಬಹಳ ಚೆನ್ನ. ಚಳಿಗಾಲಕ್ಕೆ ಇರಲಿ.

ಸೆಲ್ಲು ಸೋಲುತ್ತ ಬಂದಾಗ ಲತಾ ಮಂಗೇಶ್ಕರ್ ಮೆಲ್ಲಗೆ ಗಂಡಸಾಗುತ್ತಿದ್ದರು. ಮರುದಿನ ಅವೇ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ, ಸಂಡಿಗೆಯ ಪಕ್ಕ ಬಿಸಿಲಿಗೆ ಇಡುವುದು. ಸಂಜೆಗೆ ಎರಡು ಹಾಡಿನಷ್ಟು ಜೀವ ಬಂದಿರುತ್ತಿತ್ತು. ಸೂರ್ಯ ನಮಗೆ ಕೊಟ್ಟ ಲಾಭ ಅದೊಂದೇ ಇರಬೇಕು. ಒಣದ್ರಾಕ್ಷಿಯವರು ಒಪ್ಪಲಿಕ್ಕಿಲ್ಲ ಅನ್ನಿ. ತಿಕೋಟಾ, ಬಬಲೇಶ್ವರ ಕಡೆಯ ಮಣೂಕದ ಶೆಡ್ಡಿನವರು ಮಾರ್ಚ್ ಏಪ್ರಿಲ್‌ನಲ್ಲಿ ನನ್ನ ದೊಡ್ಡ ಗಿರಾಕಿಗಳು. ದ್ರಾಕ್ಷಿ ಬಲೆಯ ಮೇಲೆ ಒಣಗುವ ಹದಿನೈದು ದಿನ ಅಲ್ಲೇ ಅವರ ವಾಸ. ಅವರಿಗೆ ಮಾತ್ರ ಜಂಕಾರ್ ಬೇಕು, ಹಳೆಯ ಹಾಡಿನ ಮೇಲೆ ಧಡಂಧಡಂ ಎಂದು ಡ್ರಮ್ಮು ಹೇರಿದ್ದು. ನನಗೆ ಅದು ಇಂದಿಗೂ ಸೇರುವುದಿಲ್ಲ. ತುಂಬಿಕೊಟ್ಟೆ.

ಆರನೆಯ ಹಾಡಿನ ಮಾತು ಉಳಿಯಿತು. ಲೆಕ್ಕ ಎಷ್ಟೇ ಹಾಕಿದರೂ ಸೈಡಿನ ಕೊನೆಯ ಹಾಡು ಪೂರ್ತಿ ಹಿಡಿಸುತ್ತಿರಲಿಲ್ಲ. ಎರಡನೆಯ ಚರಣದ ನಡುವೆ ಟೇಪು ಮುಗಿದು ‘ಖಟ್’. ಕ್ಯಾಸೆಟ್ಟು ತಿರುವಿ ಹಾಕಲು ಒಬ್ಬರು ಏಳಬೇಕು. ನೀನೇಳು, ನಾನೇಳು ಎಂಬ ಮಾತಿನಲ್ಲೇ ಅರ್ಧ ಓಣಿ ನಿದ್ದೆ ಹೋಗಿರುತ್ತಿತ್ತು. ಕಂಪನಿ ಕ್ಯಾಸೆಟ್ಟಿನಲ್ಲಿ ಹೀಗೆ ಆಗುತ್ತಿರಲಿಲ್ಲ, ಇದು ನನ್ನ ಅಂಗಡಿಯ ವಿಶೇಷ. ಗಿರಾಕಿಗಳು ಬೈದರು. ಆದರೆ ಹೋದ ತಿಂಗಳು ಒಬ್ಬ ಹೆಣ್ಣುಮಗಳು ಗಂಡ ಮಕ್ಕಳ ಜೊತೆ ಕಬ್ಬಿನ ಹಾಲು ಕುಡಿಯಲು ಬಂದಳು. ನನ್ನ ಸ್ಪೀಕರಿನಲ್ಲಿ ಒಂದು ಹಳೆಯ ಹಾಡು ನಡೆದಿತ್ತು. ತಾನೂ ಗುನುಗುತ್ತಿದ್ದವಳು ಎರಡನೆಯ ಚರಣದ ನಡುವೆ ಗಪ್ಪನೆ ನಿಂತಳು. ಹಾಡು ಮುಂದೆ ಹೋಯಿತು. “ಇದು ಇನ್ನೂ ಅದs ಏನ್ರೀ?” ಅಂದಳು. ಅವಳ ಅಪ್ಪ 1996ರಲ್ಲಿ ತುಂಬಿಸಿ ಒಯ್ದ ಕ್ಯಾಸೆಟ್ಟಂತೆ. ಆ ಹಾಡು ಇಷ್ಟೇ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ತುಂಬಿದ್ದು ನಾನೇ ಎಂದು ಹೇಳಲು ಧೈರ್ಯ ಬರಲಿಲ್ಲ. ಅವಳ ಗ್ಲಾಸಿಗೆ ಎರಡು ಲಿಂಬೆ ಹೆಚ್ಚು ಹಿಂಡಿದೆ, ಇಂಡಿ ಊರಿನ ಲಿಂಬೆ.

ಕ್ಯಾಸೆಟ್ಟಿನ ನಂತರದ್ದು ಎಲ್ಲರಿಗೂ ಗೊತ್ತಿರುವ ಕತೆ. ಎಂಪಿ-3 ಸಿ.ಡಿ. ಬಂದು ಒಂದೇ ತಟ್ಟೆಯಲ್ಲಿ ನೂರೈವತ್ತು ಹಾಡು ಕೂತವು. ಆಗ ಒಂದು ತಮಾಷೆ ನೋಡಿದೆ. ಬಹಳ ಪ್ಲೇಯರುಗಳು ಹಾಡನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಬಾರಿಸುತ್ತಿದ್ದವು. ‘ಎ’ಯಿಂದ ಶುರುವಾಗುವ ಹಾಡು ಊರಿಗೆಲ್ಲ ಬಾಯಿಪಾಠ, ‘ವೈ’ಯವರೆಗೆ ಹೋದವರು ಯಾರೂ ಇಲ್ಲ. ನಾನು ಕೂತು ಹಚ್ಚಿದ ಸರದಿಗೆ ಅಲ್ಲಿ ಬೆಲೆಯೇ ಇಲ್ಲ. ಒಂದಷ್ಟು ದಿನ ಕಡತದ ಹೆಸರಿನ ಮುಂದೆ 01, 02 ಎಂದು ಹಾಕಿ ನೋಡಿದೆ. ಆಮೇಲೆ ಮೆಮೊರಿ ಕಾರ್ಡಿಗೆ ತುಂಬಿದೆ, ಆಮೇಲೆ ಅದೂ ಬೇಡವಾಯಿತು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲಿನ ಅಂಗಡಿ. ಕ್ಯಾಸೆಟ್ಟೂ ಬೇಸಿಗೆಯ ವ್ಯಾಪಾರ, ಇದೂ ಬೇಸಿಗೆಯ ವ್ಯಾಪಾರ, ಎರಡರಲ್ಲೂ ರೋಲರ್ ತಿರುಗುತ್ತದೆ.

2017ರಲ್ಲಿ ಸರೆಗಮದವರು 5,000 ಹಾಡು ತುಂಬಿದ ‘ಕಾರ್ವಾನ್’ ರೇಡಿಯೋ ತಂದರಲ್ಲ, ಮಗಳು ನನಗೂ ಒಂದು ತಂದುಕೊಟ್ಟಳು. ನೋಡಲು ಚೆಂದ. ಹಾಡಿನವರಿಗೆ ಹಕ್ಕಿನ ದುಡ್ಡು ಹೋಗಿರುತ್ತದೆ ಎಂಬ ಸಮಾಧಾನ ಬೇರೆ. ಆದರೆ ಅದು ಮುಗಿಯುವುದಿಲ್ಲ. ಫೋನಿನ ಪಟ್ಟಿಯೂ ಮುಗಿಯುವುದಿಲ್ಲ, ಮೇಲಾಗಿ ಅದು ನನ್ನನ್ನು ಬಲ್ಲುದು. ಒಮ್ಮೆ ಕುಮಾರ್ ಸಾನು ಹಚ್ಚಿದರೆ ಒಂದು ವಾರ ಕುಮಾರ್ ಸಾನು. ನನಗೆ ಸೇರದ ಜಂಕಾರ್ ಆಗಲಿ, ಅವ್ವನ ಹಾಡಾಗಲಿ ತಪ್ಪಿಯೂ ಬರುವುದಿಲ್ಲ. ಮನೆಯಲ್ಲಿ ಈಗ ಆರ್‌ಸಿಸಿ ಟೆರೇಸು, ಸೊಸೆ ಒಂದು ಮೂಲೆಯಲ್ಲಿ, ಮೊಮ್ಮಗ ಒಂದು ಮೂಲೆಯಲ್ಲಿ, ಎಲ್ಲರ ಕಿವಿಯಲ್ಲೂ ಅವರವರ ಬಿರಡೆ. ಮೊಮ್ಮಗನಿಗೆ ನನ್ನ ನಾಲ್ಕನೆಯ ಹಾಡು ದಾಟಿಸುವುದು ಹೇಗೆ?

ಈ ಏಪ್ರಿಲ್ ಒಂದನೆಯ ತಾರೀಖಿನಿಂದ ಅಂಗಡಿಯಲ್ಲಿ ಒಂದು ಪ್ರಯೋಗ ನಡೆಸಿದ್ದೇನೆ. ವಾರಕ್ಕೆ ಒಂದೇ ಪಟ್ಟಿ, 12 ಹಾಡು. ಹಾಡಿನ ಹೆಸರು, ಹಾಡಿದವರ ಹೆಸರು ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ತೂಗುಹಾಕುತ್ತೇನೆ, ಆರರ ಕೆಳಗೆ ಒಂದು ಗೆರೆ. ಯಾರು ಕೇಳಿದರೂ ಸರದಿ ತಪ್ಪಿಸುವುದಿಲ್ಲ. ಆರು ಮುಗಿದ ಮೇಲೆ ಎರಡು ನಿಮಿಷ ಸ್ಪೀಕರ್ ಬಂದ್, ಗಾಣದ ಗೆಜ್ಜೆ ಸದ್ದು ಮಾತ್ರ. ಮೊದಲ ವಾರ ಕಾಲೇಜು ಹುಡುಗರು ಬ್ಲೂಟೂತ್ ಕೇಳಿದರು, ಕೊಡಲಿಲ್ಲ. ಎರಡನೆಯ ವಾರ ಒಬ್ಬ ಹುಡುಗ ಹಲಗೆ ನೋಡಿ, “ಎಂಟನೇದು ಬರಾಕ ಎಷ್ಟೊತ್ತು ಆಗತೈತ್ರಿ?” ಅಂದ. ಹದಿನೈದು ನಿಮಿಷ ಅಂದೆ. ಇನ್ನೊಂದು ಗ್ಲಾಸು ಹೇಳಿ ಕೂತ. ಜಮಖಂಡಿ ಬಸ್ಸು ಒಂದು ಹೋಯಿತು, ಕೂತೇ ಇದ್ದ. ವ್ಯಾಪಾರದ ದೃಷ್ಟಿಯಿಂದಲೂ ಇದು ಕೆಟ್ಟದ್ದೇನಲ್ಲ ನೋಡಿ.

ಗೋಳಗುಮ್ಮಟದೊಳಗೆ ಚಪ್ಪಾಳೆ ಒಂದು ಹೊಡೆದರೆ ಏಳು ಸಲ ತಿರುಗಿ ಕೇಳುವ ಊರಿನವರು ನಾವು. ಅದೇ ಹನ್ನೆರಡನ್ನು ವಾರವಿಡೀ ಕೇಳುವುದು ನಮಗೆ ಬೇಸರವಾಗಿಲ್ಲ.

ಈಗ ನನ್ನ ಕೋರಿಕೆ. ಭಾನುವಾರದ ಪುರವಣಿಯಲ್ಲಿ, ಮಿರಗ ಕೂಡುವವರೆಗೆ ಸಾಕು, ವಾರಕ್ಕೊಬ್ಬ ಓದುಗರ 12 ಹಾಡಿನ ಪಟ್ಟಿ ಹಾಕಿ. ಎ ಸೈಡಿಗೆ ಆರು, ಬಿ ಸೈಡಿಗೆ ಆರು, ಸರದಿ ಪ್ರಕಾರ. ವಿವರಣೆ ಬೇಡ, ಭಾವಚಿತ್ರ ಬೇಡ, ಹಾಡಿದವರ ಮತ್ತು ಬರೆದವರ ಹೆಸರು ಮಾತ್ರ ತಪ್ಪದೆ ಇರಲಿ. ರಾಮದುರ್ಗದ ಒಬ್ಬ ಟೀಚರು, ಬನಹಟ್ಟಿಯ ಮಗ್ಗದ ಶೆಡ್ಡಿನವರು, ಇಂಡಿಯ ಲಿಂಬೆ ತೋಟದವರು ಏನು ಹಚ್ಚಿ ಕೇಳುತ್ತಾರೆ ಎಂದು ನಮಗೆ ಗೊತ್ತಾಗಲಿ. ಸೋಮಾರಿ ಕಿವಿ ಎಂದ ಲೇಖಕರೂ ಒಂದು ಪಟ್ಟಿ ಕಳಿಸಲಿ, ಅವರ ನಾಲ್ಕನೆಯ ಹಾಡು ಯಾವುದು ಎಂದು ನೋಡುವ ಆಸೆ ನನಗಿದೆ. ಹಲಗೆಯ ಮೇಲೆ ಬರೆದು ಒಂದು ವಾರ ಬಾರಿಸುತ್ತೇನೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೊನೆಯದನ್ನು ಅರ್ಧಕ್ಕೆ ಕತ್ತರಿಸಿ. ನಮ್ಮ ಕಡೆಯವರಿಗೆ ರೂಢಿಯಿದೆ.

ಇತಿ ತಮ್ಮ ಓದುಗ,
ಹಳೆಯ ಕ್ಯಾಸೆಟ್ ಅಂಗಡಿಯವ, ವಿಜಯಪುರ